ಮೀಸೆಯ ಎರಡು ಗೆರೆ

ಆಲ್ಬಿನ್ ಕ್ಲೂಬರ್ ತೀರಿಕೊಂಡ ಸುದ್ದಿ ಆನ್ಸೆಲ್ ಥೇಯರನಿಗೆ ತಿಳಿದದ್ದು ಗುರುವಾರ ಬೆಳಗ್ಗೆ ಒಂಬತ್ತೂವರೆಗೆ, ಪತ್ರಿಕೆಯ ಕಚೇರಿಯ ಮೂರನೆಯ ಮಹಡಿಯಲ್ಲಿ, ಅವನು ಇನ್ನೂ ಕೋಟು ಬಿಚ್ಚದೆ ಆ ದಿನದ ಸಂಚಿಕೆಯಲ್ಲಿ ತಾನೇ ಬರೆದ ವ್ಯಂಗ್ಯಚಿತ್ರವನ್ನು ನೋಡುತ್ತ ನಿಂತಿದ್ದಾಗ. ಚಿತ್ರ ಚೆನ್ನಾಗಿ ಮೂಡಿತ್ತು. ಶವಪೆಟ್ಟಿಗೆಯ ಮುಚ್ಚಳದ ನೆರಳು ಎಲ್ಲಿಯೂ ಕದಡಿರಲಿಲ್ಲ. ಗೆರೆಗಳು ಒಂದಕ್ಕೊಂದು ಅಂಟದೆ ನಿಂತಿದ್ದವು. ಪೆಟ್ಟಿಗೆಯಲ್ಲಿ, ಅವನ ಚಿತ್ರಗಳಲ್ಲಿ ದಿನವೂ ಬರುವ ಪುಟ್ಟ ಮನುಷ್ಯ ಎದೆಯ ಮೇಲೆ ಟೋಪಿ ಇಟ್ಟುಕೊಂಡು ಮಲಗಿದ್ದ. ಜಿಲ್ಲಾ ಮಂಡಳಿಯ ನಾಲ್ವರು ದಪ್ಪ ಸದಸ್ಯರು ಹೆಗಲು ಕೊಟ್ಟಿದ್ದರು. ಅರ್ಧ ತೆರೆದ ಮುಚ್ಚಳದ ಮೇಲೆ 'ಹೊಸ ಆಸ್ತಿ ತೆರಿಗೆ' ಎಂದು ಬರೆದಿತ್ತು. ಹೊರುವವರಲ್ಲೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: "ಪಾಪ, ಒಂದು ದಿನಾನೂ ದೂರು ಹೇಳಿದವನಲ್ಲ."

ಸಂಪಾದಕ ಹ್ಯಾಡ್ಲಿ ಬಾಗಿಲ ಬಳಿ ನಿಂತಿದ್ದ. ಅವನು ಥೇಯರನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಕೋಣೆಗೆ ಬರುವಾಗಲೆಲ್ಲ ಏನಾದರೊಂದು ತಮಾಷೆ ಮಾಡಿಕೊಂಡೇ ಬರುತ್ತಿದ್ದವನು ಇಂದು ಹೊಸ್ತಿಲಲ್ಲೇ ಉಳಿದಿದ್ದ.

"ಕೂತ್ಕೊಳ್ಳಿ ಥೇಯರ್."

"ಏನಾಯ್ತು? ಮಂಡಳಿಯವರು ಆಗಲೇ ಫೋನ್ ಮಾಡಿದ್ರಾ?"

"ನಮ್ಮ ಕೆಳಗಿನ ಆಲ್ಬಿನ್ ಹೋಗ್ಬಿಟ್ಟ. ನಿನ್ನೆ ಸಂಜೆ. ಊಟಕ್ಕೆ ಕೂತೋನು ಚಮಚ ಕೆಳಗಿಟ್ಟನಂತೆ, ಅಷ್ಟೇ. ಹೆಂಡತಿ ಉಪ್ಪು ತರೋಕೆ ಎದ್ದಿದ್ರು, ತಿರುಗಿ ನೋಡೋ ಹೊತ್ತಿಗೆ ಮುಗಿದಿತ್ತು."

ಥೇಯರ್ ಕೂತ. ಕೂತ ಮೇಲೆ ಕೋಟು ಬಿಚ್ಚಿಲ್ಲವೆಂಬುದು ನೆನಪಾಗಿ, ಎದ್ದು ಬಿಚ್ಚಿ ಮತ್ತೆ ಕೂತ. ಮೇಜಿನ ಮೇಲೆ ಪತ್ರಿಕೆ ಹಾಗೆಯೇ ತೆರೆದುಕೊಂಡಿತ್ತು. ಹ್ಯಾಡ್ಲಿ ಅದನ್ನು ನೋಡಿದ, ಥೇಯರನೂ ನೋಡಿದ. ಇಬ್ಬರಲ್ಲಿ ಯಾರೂ ಅದನ್ನು ಮುಚ್ಚಲಿಲ್ಲ.

"ಅವರ ಮನೆಗೆ ಪೇಪರು ಎಷ್ಟು ಹೊತ್ತಿಗೆ ಹೋಗುತ್ತೆ?" ಎಂದ ಥೇಯರ್.

"ಆರು ಗಂಟೆಗೆ. ಇಲ್ಲಿ ಕೆಲಸ ಮಾಡೋರ ಮನೆಗೆಲ್ಲ ಮೊದಲು ಹಾಕ್ತಾರೆ."

ಥೇಯರನಿಗೆ ಮೊದಲು ನೆನಪಾದದ್ದು ಮೆಟ್ಟಿಲು. ಅಚ್ಚಿನ ತಗಡು ಮಾಡುವ ಆಲ್ಬಿನ್ನನ ಕೋಣೆ ನೆಲಮಾಳಿಗೆಯಲ್ಲಿತ್ತು; ಅಲ್ಲಿಂದ ಥೇಯರನ ಮೇಜಿಗೆ ಅರವತ್ತೆಂಟು ಮೆಟ್ಟಿಲು. ಲಿಫ್ಟು ಕೆಟ್ಟು ಎರಡು ವಾರವಾಗಿತ್ತು. ನಿನ್ನೆ ಎರಡೂವರೆಗೆ ಆಲ್ಬಿನ್ ಈ ಚಿತ್ರದ ಒದ್ದೆ ಪ್ರೂಫನ್ನು ಎರಡು ಬೆರಳಲ್ಲಿ ಎಳೆಗೂಸಿನ ಬಟ್ಟೆಯಂತೆ ಹಿಡಿದು ಬಂದಿದ್ದ. ಚಿತ್ರವನ್ನು ಸತುವಿನ ತಗಡಿಗೆ ಇಳಿಸಿ, ಆಸಿಡ್ಡಿನಲ್ಲಿ ಅದ್ದಿ, ಗೆರೆಯಲ್ಲದ್ದನ್ನೆಲ್ಲ ಆಸಿಡ್ಡು ತಿಂದುಹಾಕುವಂತೆ ಮಾಡಿ ಗೆರೆಯನ್ನಷ್ಟೇ ಉಬ್ಬಿ ನಿಲ್ಲಿಸುವುದು ಅವನ ಕೆಲಸ. ಆ ಕೆಲಸದಲ್ಲಿ ಅವನಷ್ಟು ಸೂಕ್ಷ್ಮದವನು ಒಹಾಯೊ ನದಿಯ ಈ ದಂಡೆಯಲ್ಲಿ ಇನ್ನೊಬ್ಬನಿರಲಿಲ್ಲ. ಥೇಯರ್ ಪ್ರೂಫು ನೋಡಿ, ಮುಚ್ಚಳದ ನೆರಳು ಕದಡಿದೆ, ಇನ್ನೊಂದ್ಸಲ ಮಾಡು ಎಂದಿದ್ದ. ಆಲ್ಬಿನ್ ಪ್ರೂಫನ್ನು ಕಿಟಕಿಯ ಬೆಳಕಿಗೆ ಹಿಡಿದು, "ಶವದ ಪೆಟ್ಟಿಗೆ ಅಲ್ವಾ ಮಿಸ್ಟರ್ ಥೇಯರ್, ಸ್ವಲ್ಪ ಕತ್ತಲೆ ಇದ್ರೆ ಒಳಗಿರೋನೇನೂ ಬೇಜಾರು ಮಾಡ್ಕೊಳಲ್ಲ" ಎಂದ. "ನಾನು ಮಾಡ್ಕೋತೀನಿ" ಎಂದ ಥೇಯರ್. "ಹಾಗಾದ್ರೆ ಸರಿ" ಎಂದು ಆಲ್ಬಿನ್ ಕಿಟಕಿಯ ಬಳಿಯ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತ. ಎಡಗೈಯನ್ನು ಮೊಣಕೈಯಿಂದ ಮೇಲಕ್ಕೆ ಉಜ್ಜಿಕೊಂಡ. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು. ಥೇಯರ್ ಅದನ್ನು ಕಂಡಿದ್ದ. ಕಂಡೂ ಕುಂಚ ತೊಳೆಯುತ್ತಿದ್ದ. ನಾಲ್ಕಕ್ಕೆ ಆಲ್ಬಿನ್ ಎರಡನೆಯ ಪ್ರೂಫು ಹಿಡಿದು ಅರವತ್ತೆಂಟು ಮೆಟ್ಟಿಲನ್ನು ಮತ್ತೆ ಹತ್ತಿ ಬಂದ. ಈಗ ಸರಿಯಾಗಿದೆ ಎಂದಾಗ ಅವನು ಉಸಿರು ತೆಗೆದುಕೊಂಡು, "ಅಂತೂ ಅವನನ್ನ ಮಲಗಿಸಿಬಿಟ್ರಿ" ಎಂದ. "ಸೋಮವಾರ ಎಬ್ಬಿಸ್ತೀನಿ. ಮಂಗಳವಾರ ತೆರಿಗೆ ಬೇಕೋ ಬೇಡವೋ ಅಂತ ಓಟು ಹಾಕ್ಬೇಕಲ್ಲ" ಎಂದ ಥೇಯರ್. "ಎಬ್ಬಿಸಿ, ಎಬ್ಬಿಸಿ. ಅಲ್ಲೀವರೆಗಾದ್ರೂ ನಿದ್ದೆ ಮಾಡ್ಲಿ, ಪಾಪ."

ಹ್ಯಾಡ್ಲಿ ಯಾವಾಗಲೋ ಹೊರಟುಹೋಗಿದ್ದ. ಅವನು ಹೋಗುವ ಮೊದಲು ಏನೋ ಕೇಳಿದ್ದ, ತಾನು ಏನೋ ಉತ್ತರ ಕೊಟ್ಟಿದ್ದ ಎಂದು ಥೇಯರನಿಗೆ ಅನಿಸಿತು. ಬಹುಶಃ ಸೋಮವಾರದ ಚಿತ್ರದ ಬಗ್ಗೆಯೇ ಇರಬೇಕು. ಪೆಟ್ಟಿಗೆಯಲ್ಲಿರುವವನು ಎದ್ದು ಕೂರುತ್ತಾನೆ, ಹೊತ್ತವರು ದಿಕ್ಕಾಪಾಲಾಗಿ ಓಡುತ್ತಾರೆ ಎಂದು ಓದುಗರಿಗೆ ಮಾತು ಕೊಟ್ಟಂತೆಯೇ ಆಗಿತ್ತು.

ಪುಟ್ಟ ಮನುಷ್ಯ ಹುಟ್ಟಿದ್ದು ಸಾವಿರದ ಒಂಬೈನೂರ ಮೂವತ್ತಾರರಲ್ಲಿ. ಆಗ ಒಂದೊಂದು ಊರಿನ ಪತ್ರಿಕೆಗೂ ಅಂಥವನೊಬ್ಬನಿದ್ದ. ಚಿತ್ರದ ಮೂಲೆಯಲ್ಲಿ ನಿಂತು ದೊಡ್ಡವರ ಕಾಲ್ತುಳಿತಕ್ಕೆ ಸಿಗುವವನು, ಕೆಲವೊಮ್ಮೆ ಬಟ್ಟೆಯೂ ಇಲ್ಲದೆ ಪೀಪಾಯಿ ತೊಟ್ಟು ನಿಲ್ಲುವವನು. ಥೇಯರನಿಗೂ ಒಬ್ಬ ಬೇಕಾಗಿದ್ದ. ಹತ್ತು ದಿನ ಬರೆದು ಹರಿದುಹಾಕಿದರೂ ಮುಖ ಸಿಕ್ಕಿರಲಿಲ್ಲ. ಹನ್ನೊಂದನೆಯ ದಿನ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಆಲ್ಬಿನ್ ಪ್ರೂಫು ಹಿಡಿದು ಬಾಗಿಲಲ್ಲಿ ನಿಂತ. ಮಾತಾಡಲೋ ಬೇಡವೋ ಎಂದು ಹುಬ್ಬಿನ ಕೆಳಗಿನಿಂದ ನೋಡುವ ಕಣ್ಣು, ಬಾಯಿಯ ಎರಡೂ ಬದಿಗೆ ಇಳಿಬಿದ್ದ ಮೀಸೆ. ಅವನು ಪ್ರೂಫು ಇಟ್ಟು ಬಾಗಿಲು ದಾಟುವಷ್ಟರಲ್ಲಿ ಥೇಯರ್ ಶಾಯಿ ಹೀರುವ ಕಾಗದದ ಮೇಲೆ ಅವನನ್ನು ಇಳಿಸಿಬಿಟ್ಟಿದ್ದ: ಎರಡು ಚುಕ್ಕೆ, ಕೆಳಗಿಳಿಯುವ ಎರಡು ಗೆರೆ, ಮೇಲೊಂದು ಜಜ್ಜಿದ ಟೋಪಿ. ಟೋಪಿಯ ಪಟ್ಟಿಯ ಮೇಲೆ 'ತೆರಿಗೆದಾರ' ಎಂದು ಬರೆದ. ಎರಡು ವರ್ಷವಾದ ಮೇಲೆ ಆ ಬರಹವನ್ನು ಬಿಟ್ಟ, ಯಾರೂ ಏಕೆಂದು ಕೇಳಲಿಲ್ಲ. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ದೇಶದ ಎರಡು ದೊಡ್ಡ ಪಕ್ಷಗಳ ಗುರುತಾದ ಆನೆ, ಕತ್ತೆಗಳಿಗೂ ಒಂದು ಕಾಲದಲ್ಲಿ ಮೈಮೇಲೆ ಹೆಸರು ಬರೆಯಬೇಕಾಗಿತ್ತು. ಹೆಸರು ಬಿದ್ದುಹೋಗಿ ಪ್ರಾಣಿ ಮಾತ್ರ ಉಳಿದ ದಿನವೇ ಅವು ನಿಜವಾದವು ಎಂದು ಅವನ ಗುರು ಹೇಳುತ್ತಿದ್ದ.

ಗುರುವಿಗೆ ಇನ್ನೊಂದು ಕಥೆ ಬಹಳ ಇಷ್ಟ. ಹೋದ ಶತಮಾನದಲ್ಲಿ ನ್ಯೂಯಾರ್ಕನ್ನು ಸೂರೆ ಮಾಡಿದ ಧಣಿಯೊಬ್ಬ, 'ಪತ್ರಿಕೆಯಲ್ಲಿ ಏನು ಬೇಕಾದರೂ ಬರೆಯಲಿ, ನನ್ನ ಜನಕ್ಕೆ ಓದು ಬರುವುದಿಲ್ಲ. ಆ ಹಾಳು ಚಿತ್ರ ನಿಲ್ಲಿಸಿ, ಅವರಿಗೆ ಕಣ್ಣಿದೆ' ಎಂದನಂತೆ. ಕೊನೆಗೆ ಸೆರೆಮನೆಯಿಂದ ತಪ್ಪಿಸಿಕೊಂಡು ಸ್ಪೇನಿಗೆ ಓಡಿದ. ಅಲ್ಲಿಯ ಅಧಿಕಾರಿಗಳಿಗೆ ಇಂಗ್ಲಿಷ್ ಬಾರದು, ಆದರೆ ಕೈಯಲ್ಲಿ ಅವನ ವ್ಯಂಗ್ಯಚಿತ್ರವಿತ್ತು. ಚಿತ್ರದಲ್ಲಿ ಅವನು ಇಬ್ಬರು ಹುಡುಗರ ಕೊರಳಪಟ್ಟಿ ಹಿಡಿದು ನಿಂತಿದ್ದರಿಂದ ಇವನು ಮಕ್ಕಳ ಕಳ್ಳನೇ ಇರಬೇಕೆಂದುಕೊಂಡು ಹಿಡಿದರು. "ಗೆರೆ ಹಡಗಿಗಿಂತ ಮುಂಚೆ ಹೋಗಿ ದಡದಲ್ಲಿ ಕಾಯ್ತಾ ಕೂತಿತ್ತಯ್ಯಾ!" ಎಂದು ಗುರು ತೊಡೆ ತಟ್ಟಿಕೊಂಡು ನಗುತ್ತಿದ್ದ. ಥೇಯರನೂ ಈ ಕಥೆಯನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದಾನೆ. ಶಾಲೆಗಳಲ್ಲಿ, ವ್ಯಾಪಾರಿಗಳ ಊಟದ ಕೂಟದಲ್ಲಿ, ತನ್ನ ಚರ್ಚಿನ ಹಿರಿಯರ ಮುಂದೆ ಕೂಡ. ಈಗ ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುವಾಗ ಅದು ಅರ್ಧಕ್ಕೆ ನಿಂತುಹೋಯಿತು. ಆ ಧಣಿ ಕಳ್ಳ. ಓಡಿಹೋಗಿದ್ದ. ಆಲ್ಬಿನ್ ಎಲ್ಲಿಗೂ ಓಡಿರಲಿಲ್ಲ. ಪ್ರತಿದಿನ ಏಳು ಗಂಟೆಗೆ ನೆಲಮಾಳಿಗೆಗೆ ಇಳಿದು, ತನ್ನ ಮುಖವನ್ನು ತಾನೇ ಆಸಿಡ್ಡಿನಲ್ಲಿ ಅದ್ದಿ, ತೊಳೆದು, ಮೇಲೆ ಹೊತ್ತು ತಂದು ತೋರಿಸುತ್ತಿದ್ದ.

ಆ ಮುಖ ತನ್ನದೆಂದು ಗೊತ್ತಿತ್ತೇ ಅವನಿಗೆ? ಥೇಯರ್ ಈ ಪ್ರಶ್ನೆಯನ್ನು ಇಷ್ಟು ವರ್ಷ ಕೇಳಿಕೊಂಡಿರಲಿಲ್ಲ ಎಂದಲ್ಲ. ಕೇಳಿಕೊಂಡಾಗಲೆಲ್ಲ ಒಂದು ಉತ್ತರ ಸಿದ್ಧವಾಗಿಟ್ಟುಕೊಂಡಿದ್ದ. ಚಿತ್ರದಲ್ಲಿ ಬೈಸಿಕೊಂಡವನೇ ಮಾರನೆಯ ದಿನ ಫೋನ್ ಮಾಡಿ, ಮೂಲಚಿತ್ರಕ್ಕೆ ಸಹಿ ಹಾಕಿ ಕಳಿಸಿ ಎಂದು ಕೇಳುವುದು ಈ ದೇಶದ ರಾಜಕಾರಣಿಗಳ ರೂಢಿ. ಹಂದಿಯಾಗಿ ಬರೆಸಿಕೊಂಡ ಸೆನೆಟರನೊಬ್ಬ ಅದಕ್ಕೆ ಚೌಕಟ್ಟು ಹಾಕಿಸಿ ತನ್ನ ಕುರ್ಚಿಯ ಹಿಂದೆಯೇ ತೂಗುಹಾಕಿದ್ದ. ಬಂದವರಿಗೆಲ್ಲ ತೋರಿಸಿ ತಾನೇ ಮೊದಲು ನಗುತ್ತಿದ್ದ. ಹಾಗೆ ನಕ್ಕುಬಿಟ್ಟರೆ ಮುಳ್ಳು ಮುರಿಯುತ್ತದೆ, ಅವರಿಗದು ಗೊತ್ತು. ಮೂಲಚಿತ್ರಗಳೆಲ್ಲ ಆಲ್ಬಿನ್ನನ ಕೈಮೇಲೇ ಹೋಗುತ್ತಿದ್ದವು. ಅವನು ಒಂದನ್ನೂ ಕೇಳಲಿಲ್ಲ. ಕೇಳಲಿಲ್ಲ, ಆದ್ದರಿಂದ ಅವನಿಗೆ ಗೊತ್ತಿಲ್ಲ. ಇದು ಥೇಯರನ ಉತ್ತರ. ಆದರೂ ನಲವತ್ತಾರರ ಒಂದು ಬೆಳಗ್ಗೆ ಆಲ್ಬಿನ್ ಮೀಸೆ ಬೋಳಿಸಿಕೊಂಡು ಬಂದಿದ್ದ. ಬೋಳಿಸಿದ ಜಾಗ ಬೆಳ್ಳಗೆ, ತೇವವಾಗಿ, ಹೊಸದಾಗಿ ಹುಟ್ಟಿದ ಏನೋ ಒಂದರಂತೆ ಇತ್ತು. ಥೇಯರನಿಗೆ ಯಾಕೋ ಸಿಟ್ಟು ಬಂತು. ತನ್ನ ವಸ್ತುವೊಂದನ್ನು ಯಾರೋ ಕೇಳದೆ ಎತ್ತಿಕೊಂಡಂತೆ. "ಯಾಕೆ ತೆಗೆಸಿದೆ?" ಎಂದ. "ನನ್ನ ಹೆಂಡತಿ ಹೆಡ್ವಿಗ್‌ಗೆ ಬೇಜಾರಾಗಿತ್ತು ಮಿಸ್ಟರ್ ಥೇಯರ್." ಆಮೇಲೆ ಬೀದಿಯಲ್ಲಿ, ಬಸ್ಸಿನಲ್ಲಿ, ಚರ್ಚಿನಲ್ಲಿ, ಎಲ್ಲರೂ ಕೇಳಿದರಂತೆ: ಎಲ್ಲಿ ಮೀಸೆ, ಹುಷಾರಿಲ್ವಾ, ಪೇಪರಿನಲ್ಲಿ ಇನ್ನೂ ಇದೆಯಲ್ಲ? ಮೂರು ತಿಂಗಳಲ್ಲಿ ಮತ್ತೆ ಬೆಳೆಸಿದ. ಥೇಯರನಿಗೆ ಅಂದು ಸಮಾಧಾನವಾಗಿತ್ತು.

ಮತ್ತೊಮ್ಮೆ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದ, ಮಾಂಸ ಬಿಡುವ ಒಂದು ಶುಕ್ರವಾರ, ತಮ್ಮ ಕ್ಯಾಥೊಲಿಕ್ ಚರ್ಚಿನ ನೆಲಮಾಳಿಗೆಯ ಮೀನೂಟಕ್ಕೆ ಆಲ್ಬಿನ್ನನೇ ಕರೆದಿದ್ದ. ಕರೆದದ್ದು ಅದೊಂದೇ ಸಲ. ಕರಿದ ಮೀನು, ಎಲೆಕೋಸಿನ ಪಲ್ಯ, ಕಾಗದದ ತಟ್ಟೆ. ಆಲ್ಬಿನ್ ಜೊತೆ ಬೌಲಿಂಗ್ ಆಟ ಆಡುವ ಗೆಳೆಯರಲ್ಲೊಬ್ಬ ಹಿಂದಿನಿಂದ ಬಂದು, ಯಾವುದೋ ಹಳೆಯ ಟೋಪಿಯನ್ನು ಮುಷ್ಟಿಯಿಂದ ಜಜ್ಜಿ ಆಲ್ಬಿನ್ನನ ತಲೆಗೆ ಇಟ್ಟು, "ಏನಪ್ಪಾ ತೆರಿಗೆದಾರ, ಇವತ್ತು ಯಾರು ತುಳಿದ್ರು?" ಎಂದ. ಉದ್ದ ಮೇಜಿನ ಆ ತುದಿಯಿಂದ ಈ ತುದಿಯವರೆಗೆ ನಕ್ಕರು. ಥೇಯರನೂ ನಕ್ಕ. ಆಲ್ಬಿನ್ ಟೋಪಿ ತೆಗೆದು, ಅದರ ತಗ್ಗನ್ನು ಒಳಗಿನಿಂದ ಬೆರಳಲ್ಲಿ ಒತ್ತಿ ಸರಿಮಾಡಿ, ಕೊಟ್ಟವನಿಗೇ ವಾಪಸು ಕೊಟ್ಟು, "ಮಿಸ್ಟರ್ ಥೇಯರ್‌ಗೆ ಇನ್ನೂ ಎರಡು ತುಂಡು ಮೀನು ಹಾಕಿ" ಎಂದ. ಅವನ ಪಕ್ಕದಲ್ಲಿ ಕೂತಿದ್ದ ಹೆಂಡತಿ ಹೆಡ್ವಿಗ್ ನಗಲಿಲ್ಲ. ಅವಳು ಥೇಯರನ ಬಾಯಿಯನ್ನೇ ನೋಡುತ್ತಿದ್ದಳು.

ಗುರುವಾರ ಅವನು ಏನೂ ಬರೆಯಲಿಲ್ಲ. ಶುಕ್ರವಾರ ಬೆಳಗ್ಗೆ ಚಿತ್ರದ ಹಲಗೆಯ ಮುಂದೆ ಕೂತು ಒರಟು ಕಾಗದದ ಮೇಲೆ ಕಪ್ಪು ಮೇಣದ ಬಳಪ ಹಿಡಿದ. ಪೆಟ್ಟಿಗೆ ಬರೆದ, ಓಡುವ ಕಾಲುಗಳನ್ನು ಬರೆದ. ನಡುವೆ ಎದ್ದು ಕೂರುವವನಿಗೆ ಜಾಗ ಬಿಟ್ಟು, ಆಲ್ಬಿನ್ನನ ಮುಖವನ್ನು ಒಮ್ಮೆ ನೆನೆದುಕೊಳ್ಳೋಣ ಎಂದು ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದಲ್ಲಿ ಎರಡು ಚುಕ್ಕೆ, ಎರಡು ಗೆರೆ ಇದ್ದವು. ಅವನು ಅವುಗಳನ್ನು ಪಕ್ಕಕ್ಕೆ ಸರಿಸಿ ಹಿಂದೆ ಇಣುಕಲು ನೋಡಿದ. ಹಿಂದೆ ಕಾಗದದ ಬಿಳುಪೇ ಇತ್ತು. ಎಷ್ಟು ಸಾವಿರ ಸಲ ಬಾಗಿಲಲ್ಲಿ ನಿಂತಿರಬೇಕು ಆ ಮನುಷ್ಯ. ಮೂಗು ಹೇಗಿತ್ತು? ಕಿವಿ? ಕಣ್ಣು ತೆರೆದಾಗ ಕೈ ತಾನಾಗಿಯೇ ಖಾಲಿ ಜಾಗದಲ್ಲಿ ಮೀಸೆಯನ್ನು ಇಳಿಸಿಬಿಟ್ಟಿತ್ತು, ಅವನ ಅಪ್ಪಣೆಗೆ ಕಾಯದೆ. ಅವನು ಕಾಗದವನ್ನು ಮಗುಚಿ ಹಾಕಿದ.

ಮಧ್ಯಾಹ್ನ ಫೋನ್ ಬಂತು.

"ನಾನು ಹೆಡ್ವಿಗ್ ಕ್ಲೂಬರ್. ಅವರನ್ನ ನೋಡೋಕೆ ಜನ ಐದಕ್ಕೆ ಬರ್ತಾರೆ. ನೀವು ನಾಲ್ಕಕ್ಕೆ ಬನ್ನಿ."

"ಮಿಸೆಸ್ ಕ್ಲೂಬರ್, ನನಗೆ ಏನು ಹೇಳ್ಬೇಕೋ..."

"ಹೇಳೋದು ಬೇಡ. ನಿಮ್ಮಿಂದ ಒಂದು ಕೆಲಸ ಆಗ್ಬೇಕು. ಬನ್ನಿ."

ಶವವನ್ನು ಸಿಂಗರಿಸಿ ದರ್ಶನಕ್ಕೆ ಇಡುವ ಶವಸಂಸ್ಕಾರದ ಮನೆ ಕ್ಯಾಥೊಲಿಕ್ ಚರ್ಚಿನ ಹಿಂದಿನ ಬೀದಿಯಲ್ಲಿ, ಬಿಳಿ ಕಂಬಗಳ ಹಳೆಯ ಮನೆ. ನಡೆಯುತ್ತ ಹೋಗುವಾಗ ಅಂಗಡಿಗಳ ಕಿಟಕಿಯಲ್ಲಿ ನಿನ್ನೆಯ ಚಿತ್ರವನ್ನು ಕತ್ತರಿಸಿ ಅಂಟಿಸಿದ್ದು ಎರಡು ಕಡೆ ಕಾಣಿಸಿತು; ತೆರಿಗೆ ಬೇಡ ಎನ್ನುವವರು. ಕ್ಷೌರದಂಗಡಿಯವನು ಒಳಗಿನಿಂದಲೇ ಕೈ ಎತ್ತಿ ಹೆಬ್ಬೆರಳು ತೋರಿಸಿದ. ಥೇಯರ್ ಟೋಪಿ ಮುಟ್ಟಿಕೊಂಡು ಮುಂದೆ ನಡೆದ. ಹೆಂಡತಿ ಲಿಡಿಯಾ ಸತ್ತಾಗ ಹೀಗೆಯೇ ಒಂದು ಮನೆಗೆ ನಡೆದು ಹೋಗಿದ್ದ. ಅವನ ಪ್ರೊಟೆಸ್ಟೆಂಟ್ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿಯಿಲ್ಲ. ಸತ್ತವರು ದೇವರ ಕೈ ಸೇರಿದರು, ಇನ್ನು ಕೇಳುವುದೇನಿದೆ ಎನ್ನುತ್ತಾರೆ. ಉಳಿದವರಿಗೆ ಧೈರ್ಯ ಕೊಡು ಎಂದು ಪಾದ್ರಿ ಬೇಡಿದ್ದ, ಸಭೆಯ ಹಿರಿಯನಾಗಿ ಥೇಯರನೂ ಆಮೆನ್ ಎಂದಿದ್ದ. ಆಮೇಲೆ ಎಷ್ಟೋ ಬೆಳಗ್ಗೆ ಪ್ರಾರ್ಥನೆಗೆ ಕೂತು, ಅವಳ ಹೆಸರು ನಾಲಿಗೆಯ ತುದಿಗೆ ಬಂದು, ಎಲ್ಲಿಡಬೇಕೆಂದು ತಿಳಿಯದೆ ನುಂಗಿಕೊಂಡಿದ್ದ.

ಮನೆಯ ಯಜಮಾನ ಸ್ಟಾಡ್ಲರ್ ಬಾಗಿಲಲ್ಲೇ ಎರಡೂ ಕೈ ಹಿಡಿದುಕೊಂಡ. ಗುಂಡಗಿನ ಮನುಷ್ಯ, ಮೆಲುದನಿ.

"ಬನ್ನಿ ಮಿಸ್ಟರ್ ಥೇಯರ್. ನಿಮಗೋಸ್ಕರವೇ ಕಾಯ್ತಿದ್ದೆ. ಇಪ್ಪತ್ತು ವರ್ಷದಿಂದ ದಿನಾ ಬೆಳಗ್ಗೆ ಮೊದಲು ನಿಮ್ಮ ಚಿತ್ರ, ಆಮೇಲೆ ಕಾಫಿ. ನೋಡಿ, ನೋಡಿದ್ರೆ ನಿಮಗೇ ಗೊತ್ತಾಗುತ್ತೆ ಎಷ್ಟು ಶ್ರದ್ಧೆಯಿಂದ ಮಾಡಿದೀನಿ ಅಂತ. ಕ್ಲೂಬರ್ ಅಮ್ಮನಿಗೆ ಮಾತ್ರ ಯಾಕೋ ಸಮಾಧಾನ ಇಲ್ಲ. ದುಃಖದಲ್ಲಿ ಹಾಗೇ ಆಗುತ್ತೆ."

ಒಳಗೆ ಲಿಲಿ ಹೂವಿನ ವಾಸನೆ. ಗೋಡೆಗೆ ಸೇರಿಸಿಟ್ಟ ಕುರ್ಚಿಯಲ್ಲಿ ಹೆಡ್ವಿಗ್ ಕೂತಿದ್ದಳು; ಕಪ್ಪು ಉಡುಪು, ಮುಂಗೈಗೆ ಎರಡು ಸುತ್ತು ಸುತ್ತಿದ ಜಪಮಾಲೆ, ಒಣಗಿದ ಕಣ್ಣು. ಅವಳು ಏಳಲಿಲ್ಲ. ಗಲ್ಲದಿಂದ ಪೆಟ್ಟಿಗೆಯ ಕಡೆಗೆ ತೋರಿಸಿದಳು.

ಥೇಯರ್ ಹೋಗಿ ನೋಡಿದ. ಪೆಟ್ಟಿಗೆಯಲ್ಲಿ ಪುಟ್ಟ ಮನುಷ್ಯ ಮಲಗಿದ್ದ.

ತಲೆಗೂದಲನ್ನು ಹಣೆಗೆ ಅಂಟಿಸಿ ಬಾಚಿತ್ತು. ಹುಬ್ಬು ಎತ್ತಿ ನಿಲ್ಲಿಸಿತ್ತು. ಮೀಸೆಗೆ ಕಪ್ಪು ಮೇಣ ತಿಕ್ಕಿ, ಬಾಯಿಯ ಎರಡೂ ಬದಿಗೆ ಎರಡು ಕಮಾನುಗಳಾಗಿ, ತುದಿ ಚೂಪಾಗಿ ಇಳಿಸಿತ್ತು. ಥೇಯರನ ಗೆರೆಯೇ. ಅವನ ಕುಂಚ ಕಾಗದದಿಂದ ಮೇಲೇಳುವಾಗ ತುದಿಯಲ್ಲಿ ಬಿಡುತ್ತಿದ್ದ ಸಣ್ಣ ಕೊಂಕು ಕೂಡ ಇತ್ತು. ಥೇಯರನಿಗೆ ಒಂದು ಗಳಿಗೆ ಹೆಮ್ಮೆಯಂಥದೇನೋ ಎದೆಯಲ್ಲಿ ಎದ್ದಿತು. ಎದ್ದದ್ದು ಗೊತ್ತಾದೊಡನೆ ನೋಟ ಪಕ್ಕಕ್ಕೆ ತಿರುಗಿಸಿದ. ಅವನು ಪೆಟ್ಟಿಗೆಯ ಅಂಚು ಹಿಡಿದುಕೊಂಡ.

"ಇದು ಯಾರು?" ಎಂದಳು ಹೆಡ್ವಿಗ್ ಕುರ್ಚಿಯಿಂದಲೇ.

"ಅಮ್ಮಾ, ಇಡೀ ಊರಿಗೆ ಗೊತ್ತಿರೋ ಮುಖ ಇದು" ಎಂದ ಸ್ಟಾಡ್ಲರ್. "ನೀವು ಒಳ್ಳೇ ಫೋಟೋ ಯಾವುದೂ ಕೊಡಲಿಲ್ಲ..."

"ಮದುವೆ ಫೋಟೋ ಕೊಟ್ಟೆ."

"ಅದರಲ್ಲಿ ಮೀಸೆ ಇರಲಿಲ್ಲವಲ್ಲಾ. ನಾನೇನು ಮಾಡ್ಲಿ? ಪೇಪರ್ ಇಟ್ಕೊಂಡು ಮಾಡ್ದೆ. ಜನ ಬಂದು ನೋಡಿ, ಥೇಟ್ ಅವನೇ ಅನ್ನಬೇಕು. ನಮ್ಮ ಕಸುಬೇ ಅದು."

"ಮಿಸ್ಟರ್ ಸ್ಟಾಡ್ಲರ್, ಬಿಸಿನೀರು, ಒಂದು ಬಟ್ಟೆ ಕೊಟ್ಟು ನೀವು ಹೊರಗೆ ಹೋಗಿ."

ಅವನು ಎರಡನ್ನೂ ತಂದಿಟ್ಟು, ಬಾಚಣಿಗೆಯನ್ನು ಥೇಯರನ ಕೈಗೆ ಕೊಟ್ಟು, ನೊಂದ ಮುಖ ಮಾಡಿಕೊಂಡು ಬಾಗಿಲು ಎಳೆದುಕೊಂಡ. ಆಗ ಹೆಡ್ವಿಗ್ ಎದ್ದು ಬಂದು ಪೆಟ್ಟಿಗೆಯ ಇನ್ನೊಂದು ಬದಿಗೆ ನಿಂತಳು.

"ಸರಿ ಮಾಡಿ."

"ನಾನಾ?"

"ಮತ್ತಿನ್ಯಾರು? ಮಾಡಿದೋರು ನೀವಲ್ವಾ."

ಥೇಯರ್ ಬಟ್ಟೆಯನ್ನು ಅದ್ದಿ ಹಿಂಡಿ ಮೀಸೆಯ ಮೇಲೆ ಇಟ್ಟ. ಮೇಣ ಮೆತ್ತಗಾಯಿತು, ಕಪ್ಪು ಬಟ್ಟೆಗೆ ಬಂತು. ಎರಡು ಸಲ, ಮೂರು ಸಲ. ಕಪ್ಪಿನ ಕೆಳಗೆ ಬೂದು ಕೂದಲು ಕಾಣಿಸಿತು. ಇಷ್ಟು ಬೂದು ಯಾವಾಗ ಆಯಿತು? ಅವನ ಚಿತ್ರದಲ್ಲಿ ಇಪ್ಪತ್ತೆರಡು ವರ್ಷವೂ ಅದು ಕಪ್ಪು. ಆಮೇಲೆ ಬಾಚಣಿಗೆ ಹಿಡಿದ. ಕೈ ತಾನಾಗಿ ಬಲಬದಿಯ ಕೂದಲನ್ನು ಕೆಳಕ್ಕೆ, ಹೊರಕ್ಕೆ ಎಳೆದು ತುದಿಯಲ್ಲಿ ಕೊಂಕು ಕೊಟ್ಟಿತು.

"ಅಲ್ಲ" ಎಂದಳು ಹೆಡ್ವಿಗ್.

ಅವನು ಅಳಿಸಿದ. ಮತ್ತೆ ಬಾಚಿದ. ಮತ್ತೆ ಅದೇ.

"ಅಲ್ಲ ಅಂದ್ನಲ್ಲ."

"ಮಿಸೆಸ್ ಕ್ಲೂಬರ್," ಎಂದ ಥೇಯರ್. ಅವನ ದನಿ ಅವನಿಗೇ ಸಣ್ಣದಾಗಿ ಕೇಳಿಸಿತು. "ನನಗೆ ನೆನಪಿಲ್ಲ. ನೆನಪಿದೆ ಅಂದ್ಕೊಂಡಿದ್ದೆ. ದಿನಾ ನೋಡ್ತಿದ್ದೆ."

ಅವಳು ಗಂಡನ ಮೇಲ್ದುಟಿಯ ಎಡಗಡೆಗೆ ಬೆರಳಿಟ್ಟಳು.

"ಇಲ್ಲಿ ಕೂದಲೇ ಇಲ್ಲ ನೋಡಿ. ಮೂವತ್ತೊಂಬತ್ತರಲ್ಲಿ ಆಸಿಡ್ ಹಾರಿ ಸುಟ್ಟಿದ್ದು. ಆ ಸ್ಟಾಡ್ಲರ್ ಇಲ್ಲೂ ಮೇಣ ಮೆತ್ತಿ ಮುಚ್ಚಿಟ್ಟಿದಾನೆ. ಎರಡು ವಾರ ಪಟ್ಟಿ ಕಟ್ಕೊಂಡೇ ಕೆಲಸಕ್ಕೆ ಬರ್ತಿದ್ರು. ನೀವು ನೋಡ್ಲಿಲ್ವಾ?"

ಬೆರಳಿನ ಉಗುರಿನಷ್ಟು ಜಾಗ, ನುಣ್ಣಗೆ, ಹೊಳೆಯುವ ಗಾಯದ ಕಲೆ. ಅವನು ಬಗ್ಗಿ ನೋಡಿದ. ಪಟ್ಟಿ ನೆನಪಿತ್ತು. ಬಿಳಿ ಪಟ್ಟಿ ಕಟ್ಟಿಕೊಂಡವನು ಬಾಗಿಲಲ್ಲಿ ನಿಂತಿದ್ದ, ತಾನು 'ಹುಷಾರು ಆಲ್ಬಿನ್' ಎಂದೂ ಅಂದಿದ್ದ. ಪಟ್ಟಿ ಬಿಚ್ಚಿದ ಮೇಲೆ ಅದರಡಿ ಏನಿತ್ತೆಂದು ನೋಡಿರಲಿಲ್ಲ. ಅಥವಾ ನೋಡಿದ್ದ, ಬೇಡದ ಗೆರೆ ಎಂದು ಬಿಟ್ಟುಬಿಟ್ಟಿದ್ದ. ಮುಖದಲ್ಲಿ ಹತ್ತು ಬಿಟ್ಟು ಎರಡು ಇಟ್ಟುಕೋ ಎಂದು ಗುರು ಹೇಳಿಕೊಟ್ಟಿದ್ದ. ಬಿಟ್ಟ ಹತ್ತು ಎಲ್ಲಿಗೆ ಹೋಗುತ್ತವೆ ಎಂದು ಇಬ್ಬರೂ ಮಾತಾಡಿರಲಿಲ್ಲ.

"ಅವನಿಗೆ ಗೊತ್ತಿತ್ತಾ?" ಎಂದು ಕೇಳಿದ.

"ಮೊದಲನೇ ದಿನವೇ. ಪ್ರೂಫ್ ತೆಗೆದ ತಕ್ಷಣ."

"ಬೇಜಾರಿತ್ತಾ?"

"ಇಷ್ಟ ಇರ್ಲಿಲ್ಲ. ಒಂದು ದಿನವೂ ಇರ್ಲಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಡುಗೆಯಲ್ಲಿ ಯಾರಿಗೆ ಯಾವುದು ಸೇರುವುದಿಲ್ಲವೆಂದು ಹೇಳಿದ ಹಾಗಿತ್ತು. "ಹೋಗಿ ಹೇಳಿ ಅಂತ ನಾನು ಜಗಳ ಆಡ್ತಿದ್ದೆ. 'ನನಗೆ ಬಂದ ಕೆಲಸ, ಗೆರೆ ಸರಿಯಾಗಿ ನಿಲ್ಲಿಸೋದು ಅಷ್ಟೇ ನನ್ನ ಪಾಲಿಂದು' ಅಂತಿದ್ರು. ಒಂದ್ಸಲ ನನ್ನ ಮಾತು ಕೇಳಿ ಮೀಸೆ ತೆಗೆಸಿದ್ರು. ನಿಮಗೆ ಸಿಟ್ಟು ಬಂತಂತಲ್ಲ?"

"ಬಂತು."

"ಹಾಗಂತ ಹೇಳಿದ್ರು."

ಥೇಯರ್ ಬಾಚಣಿಗೆಯನ್ನು ಕೆಳಗಿಟ್ಟ. "ನಾನು ಕೇಳ್ಬೇಕಿತ್ತು."

"ಹೌದು. ಕೇಳ್ಬೇಕಿತ್ತು."

ಅಷ್ಟೇ. ಅವನು ಇನ್ನೇನಾದರೂ ಬರುತ್ತದೆಂದು ಕಾದ. ಕ್ಷಮಿಸಿದೆ ಎಂದಾಗಲಿ, ಕ್ಷಮಿಸಲಾರೆ ಎಂದಾಗಲಿ ಅವಳು ಹೇಳಲಿಲ್ಲ. ಉಡುಪಿನ ತೋಳು ಮೇಲಕ್ಕೆ ಸರಿಸಿ ಬಟ್ಟೆಯನ್ನು ಮತ್ತೊಮ್ಮೆ ಅದ್ದಿ ಅವನ ಕೈಗೆ ಕೊಟ್ಟಳು. "ಬಾಚಬೇಡಿ. ಅವರೆಂದೂ ಬಾಚಿದೋರಲ್ಲ. ಬರೀ ಒರೆಸಿ, ಅದರ ಪಾಡಿಗೆ ಬಿಡಿ." ಅವನು ಒರೆಸಿದ. ಹುಬ್ಬಿನ ಮೇಲಿನ ಮೇಣವನ್ನೂ ತೆಗೆದ. ಹಣೆಯ ಕೂದಲನ್ನು ಅವಳೇ ಬೆರಳಿಂದ ಹಿಂದಕ್ಕೆ ತಳ್ಳಿದಳು. ಬಲಗಡೆಯ ಮೀಸೆ ಒಣಗುತ್ತ ಒಣಗುತ್ತ ತನ್ನಷ್ಟಕ್ಕೆ ಮೇಲೆದ್ದು ಪೊರಕೆಯಂತೆ ನಿಂತಿತು. ಎಡಗಡೆ ಮೋಟಾಗಿ ಕಲೆಯ ಬಳಿ ನಿಂತುಹೋಯಿತು. ಮೂಗು ಸ್ವಲ್ಪ ಅಗಲ. ಕಿವಿಯ ಹಾಲೆ ಉದ್ದ. ಬಾಯಿ ಗಟ್ಟಿಯಾಗಿ ಮುಚ್ಚಿತ್ತು, ಇಲ್ಲ ಎನ್ನುವ ಅಭ್ಯಾಸವಿದ್ದವನ ಬಾಯಿ. ಈ ಮುಖವನ್ನು ಬೀದಿಯಲ್ಲಿ ಕಂಡಿದ್ದರೆ ಥೇಯರ್ ಗುರುತು ಹಿಡಿಯದೆ ದಾಟಿಹೋಗುತ್ತಿದ್ದ.

"ಈಗ ಬಂದ್ರು" ಎಂದಳು ಹೆಡ್ವಿಗ್. ಅವಳ ಕಣ್ಣು ಆಗ ತುಂಬಿತು.

ಮೂಗು ಒರೆಸಿಕೊಂಡು ಕೇಳಿದಳು: "ಸೋಮವಾರ ಎದ್ದೇಳ್ತಾನಂತೆ, ನಿಮ್ಮವನು?"

"ಇಲ್ಲ. ಬರೆಯಲ್ಲ ಇನ್ನು."

"ಪೇಪರಿನವರು ಬಿಡ್ತಾರಾ?"

"ಗೊತ್ತಿಲ್ಲ. ನಾನು ಬರೆಯಲ್ಲ."

"ಅದು ನಿಮಗೆ ಬಿಟ್ಟಿದ್ದು." ಅವಳು ಗಂಡನ ಕೊರಳಪಟ್ಟಿ ಸರಿಮಾಡಿದಳು. "ನನ್ನ ಆಲ್ಬಿನ್ನನ್ನ ದೇವರು ಎಬ್ಬಿಸೋ ದಿನ ಬೇರೆ ಇದೆ."

ಐದಕ್ಕೆ ಬಾಗಿಲು ತೆರೆಯಿತು. ಚರ್ಚಿನವರು, ಮುದ್ರಣದವರು, ಬೌಲಿಂಗ್ ಗೆಳೆಯರು ಟೋಪಿ ಕೈಯಲ್ಲಿ ಹಿಡಿದು ಸಾಲಾಗಿ ಬಂದರು. ಹ್ಯಾಡ್ಲಿ ಬಂದು ಥೇಯರನ ಭುಜ ಮುಟ್ಟಿ ಹಿಂದೆ ಹೋಗಿ ನಿಂತ. ಪಕ್ಕದ ಮನೆಯ ವಯಸ್ಸಾದ ಹೆಂಗಸೊಬ್ಬಳು ಹೆಡ್ವಿಗಳ ಕೈ ಹಿಡಿದು, "ಪಾಪ, ಒಂದು ದಿನಾನೂ ದೂರು ಹೇಳಿದವನಲ್ಲ" ಎಂದಳು. ಅವಳು ಪತ್ರಿಕೆ ನೋಡಿದ್ದಳೋ ಇಲ್ಲವೋ. ಹೆಡ್ವಿಗ್, "ಹೇಳ್ತಿದ್ರು ಬಿಡಿ, ಮನೆಯಲ್ಲಿ ದಿನಾ ಹೇಳ್ತಿದ್ರು. ಸಾರಿಗೆ ಉಪ್ಪಿಲ್ಲ ಅಂತ, ನಿಮ್ಮ ಪಿಯಾನೋ ಸದ್ದು ಅಂತ" ಎಂದಳು. ಆ ಹೆಂಗಸು ಗಲಿಬಿಲಿಗೊಂಡು ಮುಂದೆ ಹೋದಳು. ಬೌಲಿಂಗಿನ ದಪ್ಪ ಮನುಷ್ಯನೊಬ್ಬ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತು, ತಲೆ ಓರೆ ಮಾಡಿ ನೋಡಿ, ಪಕ್ಕದವನಿಗೆ ಪಿಸುಗುಟ್ಟಿದ: "ಯಾಕೋ ಅವನ ಹಾಗೆ ಕಾಣ್ತಾನೇ ಇಲ್ಲಪ್ಪ." ಪಕ್ಕದವನು, "ಸ್ಟಾಡ್ಲರ್ ಕೈ ಕೆಡ್ತು ಈಚೆಗೆ" ಎಂದ. ಬಾಗಿಲ ಬಳಿ ಸ್ಟಾಡ್ಲರ್ ಕಣ್ಣು ಮುಚ್ಚಿಕೊಂಡ. ಥೇಯರ್ ತುಟಿ ತೆರೆದ, ಇದು ತನ್ನ ಕೈಯ ಕೆಲಸ ಎಂದು ಹೇಳಲು. ಆದರೆ ಅಷ್ಟರಲ್ಲಿ ಪಾದ್ರಿ ಬಂದು ಎಲ್ಲರೂ ಮೊಣಕಾಲೂರಿದ್ದರು. ಅವನೊಬ್ಬನೇ ನಿಂತಿದ್ದ.

ಹೆಡ್ವಿಗ್ ತಲೆ ಎತ್ತಿ ನೋಡಿದಳು. "ಬನ್ನಿ. ಇಲ್ಲಿ."

"ನಮ್ಮ ಸಭೆಯಲ್ಲಿ ಸತ್ತವರಿಗೋಸ್ಕರ ಪ್ರಾರ್ಥನೆ ಮಾಡಲ್ಲ" ಎಂದ ಅವನು, ಬಗ್ಗಿ, ಬಹಳ ಸಣ್ಣ ದನಿಯಲ್ಲಿ. "ದೇವರ ಕೈಲಿದ್ದಾರೆ ಅಂತ..."

"ದೇವರ ಕೈಲೇ ಇದ್ದಾರೆ. ಸ್ವಲ್ಪ ನೋಡ್ಕೋಪ್ಪಾ ಅಂದ್ರೆ ದೇವರು ಬೇಜಾರು ಮಾಡ್ಕೋತಾನಾ?"

ಅವನು ಅವಳ ಪಕ್ಕದಲ್ಲಿ ಮೊಣಕಾಲೂರಿದ. ಅರವತ್ತಾರು ವರ್ಷದ ಮೊಣಕಾಲು, ನೆಲ ಗಟ್ಟಿಯಾಗಿತ್ತು. ಪಾದ್ರಿಯ ದನಿ ಎದ್ದಿತು, ಜನರ ದನಿ ಅದರ ಬೆನ್ನಿಗೆ ಬಂತು. ಮತ್ತೆ ಪಾದ್ರಿ, ಮತ್ತೆ ಜನ. ಅವನಿಗೆ ಆ ಮಾತುಗಳು ಬರುತ್ತಿರಲಿಲ್ಲ. ಹೆಡ್ವಿಗಳ ಬೆರಳಿನ ನಡುವೆ ಮಣಿ ಒಂದೊಂದಾಗಿ ಸರಿಯುವುದನ್ನು ನೋಡುತ್ತ, ತನಗೆ ಬಂದ ಮಾತಿನಲ್ಲಿ, ತುಟಿಯಷ್ಟೇ ಅಲುಗುವಂತೆ ಅವನು ಹೇಳಿದ:

ಕರ್ತನೇ, ಇವನು ಆಲ್ಬಿನ್ ಕ್ಲೂಬರ್. ಇವನ ಮುಖ ನನಗೆ ಗೊತ್ತಿರಲಿಲ್ಲ, ನಿನಗೆ ಗೊತ್ತು; ಇವನನ್ನು ತಾಯ ಗರ್ಭದಲ್ಲಿ ರೂಪಿಸಿದವನು ನೀನು. ಇವನು ಹತ್ತಿದ್ದು ಸಾಕು, ಇಳಿದದ್ದು ಸಾಕು. ಇನ್ನು ಯಾರೂ ಇವನನ್ನು ಬೇರೆಯ ಹೆಸರಿನಿಂದ ಕೂಗದಿರಲಿ. ನಿನ್ನ ಮನೆಯಲ್ಲಿ ಇವನಿಗೆ ಕೂರಲು ಒಂದು ಜಾಗ ಕೊಡು. ಇವನು ಕೂತಾಗ, ಏನಾಯಿತು, ಕೈ ನೋಯುತ್ತಿದೆಯೇ ಎಂದು ನೀನೇ ಕೇಳು ತಂದೆ. ಇವನ ಆತ್ಮಕ್ಕೆ ಶಾಂತಿ ಕೊಡು. ನಿನ್ನ ಬೆಳಕು ಇವನ ಮೇಲೆ ಸದಾ ಇರಲಿ. ಆಮೆನ್.